ಜ್ವರ ಇಳಿಯಿತು, ಕಮಜೋರಿ ಇಳಿಯಲಿಲ್ಲ

ನಮ್ಮ ಕಡೆ ಎಲ್ಲ ತೊಂದರೆಗೂ ಹೊಂದುವ ಒಂದು ಪದವಿದೆ: ಕಮಜೋರಿ. ಆಳಂದದ ಓಣಿಗಳಲ್ಲಿ, ಅಫಜಲಪುರದ ಬಜಾರಿನಲ್ಲಿ, ಜೇವರ್ಗಿಯ ದವಾಖಾನೆಯ ಬೆಂಚಿನ ಮೇಲೆ ಈ ಪದ ಕೇಳದ ದಿನವಿಲ್ಲ. ಜ್ವರ ಬಂದು ಹೋಗಿ ಮೂರು ತಿಂಗಳಾಯಿತು, ಕಮಜೋರಿ ಹೋಗಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ, ಕಮಜೋರಿ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ, ಕಮಜೋರಿ. ಒಲೆಯ ಮೇಲೆ ಹಾಲಿಟ್ಟದ್ದು ಮರೆತುಹೋಗುತ್ತದೆ, ಅದೂ ಕಮಜೋರಿಯೇ. ಈ ಪದ ಬಾಯಿಂದ ಬಿದ್ದ ಕೂಡಲೇ ನಮ್ಮಲ್ಲಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದೋ ಹತ್ತಿರದ ಡಾಕ್ಟರರ ಬಳಿ ಹೋಗಿ ಒಂದು ಬಾಟಲಿ ಸಲಾಯಿನ್ ಏರಿಸಿಕೊಂಡು ಬರುವುದು. ಇಲ್ಲವೇ ‘ಸರಿಯಾಗಿ ಊಟ ಮಾಡು, ಎಲ್ಲ ಸರಿಹೋಗುತ್ತದೆ’ ಎಂದು ಹಿರಿಯರಿಂದ ಹೇಳಿಸಿಕೊಂಡು ಮತ್ತೆ ಒಲೆಯ ಮುಂದೆ ಕುಳಿತುಕೊಳ್ಳುವುದು.

ಆ ಬಾಟಲಿಯ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಶೇ. 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚ. ಬಾಯಿಂದ ಕುಡಿಯಲು, ತಿನ್ನಲು ಆಗುವವರಿಗೆ ಅದರಿಂದ ಸಿಗುವ ಬಲ ಒಂದು ಲೋಟ ಶರಬತ್ತಿನಿಂದಲೂ ಸಿಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗಂತೂ ಅದು ತೊಂದರೆಯನ್ನೇ ಕೊಡುತ್ತದೆ. ವಾಂತಿಭೇದಿಯಿಂದ ಒಣಗಿದವರಿಗೆ, ಬಾಯಿಂದ ಏನೂ ಹೋಗದವರಿಗೆ ಸಲಾಯಿನ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಿಂಗಳುಗಟ್ಟಲೆ ಬಿಡದ ಕಮಜೋರಿಗೆ ಅದು ಮದ್ದಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಒಂದೇ ಮನೆಯ ಐದು ಜನರಿಗೆ ಒಂದೇ ಜ್ವರ ಬಂತು, ನಾಲ್ವರು ಎದ್ದು ಓಡಾಡುತ್ತಿದ್ದಾರೆ, ಒಬ್ಬರು ಮಾತ್ರ ಏಕೆ ಏಳಲಿಲ್ಲ?

ಈ ಪ್ರಶ್ನೆಗೆ ಇಂದು ವೈದ್ಯಶಾಸ್ತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಉತ್ತರವಿದೆ. ನನ್ನನ್ನು ಕಾಡುವ ವಿಷಯವೇನೆಂದರೆ, ಯಾರಿಗೆ ಅಪಾಯ ಹೆಚ್ಚು ಎಂದು ಆ ಉತ್ತರ ಹೇಳುತ್ತದೋ, ನಮ್ಮ ಮನೆಗಳಲ್ಲಿ ಕೊನೆಗೆ ವಿಚಾರಿಸಲ್ಪಡುವವರೂ ಅವರೇ.

ಇದು ಕೊರೋನಾದಿಂದ ಶುರುವಾದ ಕಥೆಯೂ ಅಲ್ಲ. ಮೂವತ್ತೈದು ನಲವತ್ತು ದಾಟಿದ ಓದುಗರಿಗೆ 2006ನೇ ವರ್ಷ ನೆನಪಿರಬಹುದು. ನಮ್ಮ ಜಿಲ್ಲೆಯನ್ನು ಆಗ ಗುಲ್ಬರ್ಗಾ ಎನ್ನುತ್ತಿದ್ದೆವು. ಚಿಕುನ್‌ಗುನ್ಯಾ ಎಂಬ ಜ್ವರ ಇದಕ್ಕೆ ಮೊದಲು ದೇಶದಲ್ಲಿ ದೊಡ್ಡದಾಗಿ ಕಾಣಿಸಿದ್ದು 1973ರಲ್ಲಿ, ಅದೂ ದೂರದಲ್ಲಲ್ಲ, ಆಳಂದದ ಗಡಿಯಾಚೆಗಿನ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ. ಆಮೇಲೆ ಮೂವತ್ತೆರಡು ವರ್ಷ ಸದ್ದಿಲ್ಲ. 2005ರ ಕೊನೆಗೆ ಮರಳಿ ಬಂದಾಗ ಊರಿಗೆ ಊರೇ ಮಲಗಿತು. ವಿಶ್ವ ಆರೋಗ್ಯ ಸಂಸ್ಥೆ 2006ರ ಅಕ್ಟೋಬರಿನಲ್ಲಿ ಕೊಟ್ಟ ಲೆಕ್ಕದಲ್ಲಿ ದೇಶದ ಶಂಕಿತ ರೋಗಿಗಳು 12.5 ಲಕ್ಷಕ್ಕೂ ಹೆಚ್ಚು, ಅವರಲ್ಲಿ 7,52,245 ಮಂದಿ ಕರ್ನಾಟಕದವರೇ. ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ್, ರಾಯಚೂರು, ಬಿಜಾಪುರಗಳ ಹೆಸರಿತ್ತು. ಚಿಕುನ್‌ಗುನ್ಯಾ ಎಂಬುದು ಪೂರ್ವ ಆಫ್ರಿಕಾದ ಮಾಕೊಂಡೆ ಭಾಷೆಯ ಪದ. 1952ರಲ್ಲಿ ಈಗಿನ ತಾಂಜಾನಿಯಾದಲ್ಲಿ ಮೊದಲ ಬಾರಿ ಗುರುತಿಸಿದಾಗ, ಕೀಲುನೋವಿನಿಂದ ಬಾಗಿ ನಡೆಯುವ ರೋಗಿಯನ್ನು ನೋಡಿ ಅಲ್ಲಿಯ ಜನ ಇಟ್ಟ ಹೆಸರು.

ಜ್ವರ ನಾಲ್ಕೈದು ದಿನಗಳಲ್ಲಿ ಹೋಯಿತು. ಬಾಗಿದ ಬೆನ್ನು ಮಾತ್ರ ಕೆಲವರಲ್ಲಿ ವರ್ಷ ಕಳೆದರೂ ನೆಟ್ಟಗಾಗಲಿಲ್ಲ. ಜೋಳದ ರೊಟ್ಟಿ ಬಡಿಯಲು ಮಣಿಕಟ್ಟು ಬೇಕು, ಬೆರಳು ಬೇಕು. ಚಿಕುನ್‌ಗುನ್ಯಾ ಹಿಡಿಯುವುದು ಅವೇ ಕೀಲುಗಳನ್ನು: ಬೆರಳು, ಮಣಿಕಟ್ಟು, ಪಾದದ ಗಿಣ್ಣು, ಮೊಣಕಾಲು. ಒದ್ದೆ ಬಟ್ಟೆ ಹಿಂಡಲಾಗದ, ಕೊಡ ಎತ್ತಲಾಗದ, ನಮಾಝಿನಲ್ಲಿ ಕಾಲು ಮಡಚಿ ಕೂರಲಾಗದ ಹೆಣ್ಣುಮಕ್ಕಳು ಆ ವರ್ಷ ಎಷ್ಟೋ ಮನೆಗಳಲ್ಲಿದ್ದರು. ಆಗಲೂ ಅದನ್ನು ಕಮಜೋರಿ ಎಂದೇ ಕರೆದೆವು.

ಅದೇ ಹೊತ್ತಿಗೆ ಹಿಂದೂ ಮಹಾಸಾಗರದ ರಿಯೂನಿಯನ್ ಎಂಬ ಪುಟ್ಟ ದ್ವೀಪದಲ್ಲೂ ಈ ಜ್ವರ ಜನಸಂಖ್ಯೆಯ ಮೂರನೇ ಒಂದು ಪಾಲನ್ನು ಮುಟ್ಟಿತ್ತು. ಅಲ್ಲಿಯ ವೈದ್ಯರು ಒಂದು ಒಳ್ಳೆಯ ಕೆಲಸ ಮಾಡಿದರು. ಜ್ವರ ಇಳಿದವರನ್ನು ಮನೆಗೆ ಕಳಿಸಿ ಮರೆಯಲಿಲ್ಲ. 147 ರೋಗಿಗಳನ್ನು 15 ತಿಂಗಳ ನಂತರ ವಿಚಾರಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೀಲುನೋವು ಇನ್ನೂ ಇತ್ತು. ಯಾರಿಗೆ ಉಳಿದಿತ್ತು ಎಂದು ನೋಡಿದಾಗ ಮೂರು ಸಂಗತಿ ಎದ್ದು ಕಂಡವು. ವಯಸ್ಸು 45 ದಾಟಿದವರು, ಜ್ವರದ ಮೊದಲ ದಿನಗಳಲ್ಲೇ ಕೀಲುನೋವು ಅತಿ ತೀವ್ರವಾಗಿದ್ದವರು, ಮತ್ತು ಜ್ವರಕ್ಕೆ ಮೊದಲೇ ಕೀಲು ಸವೆದಿದ್ದವರು. ಹೆಂಗಸರಲ್ಲಿ ನೋವು ಹೆಚ್ಚು ಕಾಲ ಉಳಿಯುತ್ತದೆ ಎಂದು ಬೇರೆ ಕಡೆಯ ಅಧ್ಯಯನಗಳೂ ಮತ್ತೆ ಮತ್ತೆ ಹೇಳಿವೆ. ಈಗ ನಿಮ್ಮ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಲವತ್ತೈದು ದಾಟಿದವರು, ಹೆಂಗಸು, ವರ್ಷಗಟ್ಟಲೆ ನೆಲದ ಮೇಲೆ ಕುಳಿತು ಎದ್ದು, ನೀರು ಹೊತ್ತು ಮೊಣಕಾಲು ಸವೆಸಿಕೊಂಡವರು. ಹೆಸರು ನಾನು ಹೇಳಬೇಕಾಗಿಲ್ಲ. ಅವರನ್ನು ನೀವು ಅಮ್ಮಿ ಎಂದು ಕರೆಯುತ್ತೀರಿ.

ಇನ್ನು ಕೊರೋನಾ. ಭಾರತದ ಮೊದಲ ಕೋವಿಡ್ ಸಾವು ದೃಢಪಟ್ಟದ್ದು ನಮ್ಮ ಕಲಬುರಗಿಯಲ್ಲೇ, 2020ರ ಮಾರ್ಚ್ 12ರಂದು. ಆಮೇಲೆ ಎರಡು ವರ್ಷ ಪ್ರತಿ ಸಂಜೆ ಬುಲೆಟಿನ್ ನೋಡಿದೆವು: ಇಂದಿನ ಸೋಂಕಿತರು ಇಷ್ಟು, ಗುಣಮುಖರು ಇಷ್ಟು, ಮೃತರು ಇಷ್ಟು. ಅರ್ಧ ಗುಣವಾದವರಿಗೆ ಅದರಲ್ಲಿ ಕಾಲಂ ಇರಲಿಲ್ಲ. ಹಾಗೆ ಅರ್ಧ ಗುಣವಾದವರು ಜಗತ್ತಿನಾದ್ಯಂತ ಇದ್ದರು. ‘ಲಾಂಗ್ ಕೋವಿಡ್’ ಎಂಬ ಹೆಸರನ್ನು 2020ರ ಮೇ ತಿಂಗಳಲ್ಲಿ ಮೊದಲು ಬಳಸಿದ್ದು ಯಾವ ಆಸ್ಪತ್ರೆಯೂ ಅಲ್ಲ, ಸ್ವತಃ ಕಾಯಿಲೆ ಅನುಭವಿಸುತ್ತಿದ್ದ ಇಟಲಿಯ ಪುರಾತತ್ವ ಸಂಶೋಧಕಿ ಎಲಿಸಾ ಪೆರೆಗೊ. ರೋಗಿಗಳು ಹೆಸರಿಟ್ಟರು, ಡಾಕ್ಟರರು ಆಮೇಲೆ ಒಪ್ಪಿದರು. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಅದಕ್ಕೆ ವ್ಯಾಖ್ಯೆ ಕೊಟ್ಟಿತು. ಸೋಂಕು ತಗಲಿ ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೂ ಇರುವ, ಕನಿಷ್ಠ ಎರಡು ತಿಂಗಳು ಬಿಡದ, ಬೇರೆ ಯಾವ ಕಾಯಿಲೆಯಿಂದಲೂ ವಿವರಿಸಲಾಗದ ತೊಂದರೆಗಳು. ಸುಸ್ತು, ಉಸಿರು ಕಟ್ಟುವುದು, ಮರೆವು, ನಿದ್ದೆ ಕೆಡುವುದು, ಎದೆ ಬಡಿತ, ಮೈಕೈ ನೋವು. ಕೋವಿಡ್ ಬಂದ ನೂರು ಜನರಲ್ಲಿ ಸುಮಾರು ಆರು ಮಂದಿಗೆ ಹೀಗಾಗುತ್ತದೆ ಎಂಬುದು ಆ ಸಂಸ್ಥೆಯ ಅಂದಾಜು.

ಆ ಆರು ಮಂದಿ ಯಾರು? 2023ರಲ್ಲಿ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಸಂಶೋಧಕರು 41 ಅಧ್ಯಯನಗಳನ್ನು, ಅಂದರೆ 8.6 ಲಕ್ಷ ರೋಗಿಗಳ ವಿವರವನ್ನು, ಒಟ್ಟಿಗೆ ಸೇರಿಸಿ ನೋಡಿದರು. ಹೆಂಗಸರಿಗೆ ಅಪಾಯ ಗಂಡಸರಿಗಿಂತ ಒಂದೂವರೆ ಪಟ್ಟು. ಮೊದಲೇ ಬೇರೆ ಕಾಯಿಲೆ ಇದ್ದವರಿಗೆ, ಕೋವಿಡ್‌ನಿಂದ ಆಸ್ಪತ್ರೆ ಅಥವಾ ಐಸಿಯು ಸೇರಿದ್ದವರಿಗೆ ಹೆಚ್ಚು ಕಡಿಮೆ ಎರಡೂವರೆ ಪಟ್ಟು. ನಲವತ್ತು ದಾಟಿದ ವಯಸ್ಸು, ಸ್ಥೂಲಕಾಯ, ಧೂಮಪಾನ ಇವು ಸ್ವಲ್ಪ ಸ್ವಲ್ಪ ಸೇರಿಸುತ್ತವೆ. ಅಸ್ತಮಾ, ಹೃದಯದ ಕಾಯಿಲೆ, ಮನಸ್ಸಿನ ಖಿನ್ನತೆ ಕೂಡ. ತದ್ವಿರುದ್ಧವಾಗಿ, ಎರಡು ಡೋಸ್ ಲಸಿಕೆ ಹಾಕಿಸಿಕೊಂಡವರಲ್ಲಿ ಅಪಾಯ ಸುಮಾರು ಶೇ. 40ರಷ್ಟು ಕಡಿಮೆ. ಲಸಿಕೆಯ ಬಗ್ಗೆ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗ ಏನೇನು ಹರಿದಾಡಿತು ಎಂಬುದನ್ನು ನೆನೆದರೆ ಬೇಸರವಾಗುತ್ತದೆ. ಆ ವದಂತಿಗಳನ್ನು ನಂಬಿ ಗಂಡಸರು ಮನೆಯ ಹೆಂಗಸರನ್ನು ಲಸಿಕೆಗೆ ಕಳಿಸದೆ ಉಳಿಸಿದ ಕಡೆ, ಹೆಚ್ಚು ರಕ್ಷಣೆ ಬೇಕಾದವರೇ ಅದರಿಂದ ವಂಚಿತರಾದರು.

ಸಕ್ಕರೆ ಕಾಯಿಲೆಯ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅದು ಮನೆಮನೆಯಲ್ಲಿದೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ ಎಂದು ಐಸಿಎಂಆರ್‌ನ ದೊಡ್ಡ ಸಮೀಕ್ಷೆ 2023ರಲ್ಲಿ ಹೇಳಿತು. ಸಕ್ಕರೆ ನೇರವಾಗಿ ಲಾಂಗ್ ಕೋವಿಡ್ ತರುವುದು ಕಡಿಮೆ. ಅದು ಮಾಡುವುದು ಬೇರೆ ಕೆಲಸ, ಸೋಂಕನ್ನು ತೀವ್ರವಾಗಿಸುತ್ತದೆ. ಸೋಂಕು ತೀವ್ರವಾದಷ್ಟು ಅದರ ಬಾಲ ಉದ್ದವಾಗುತ್ತದೆ. 2021ರ ಎರಡನೇ ಅಲೆಯಲ್ಲಿ ಹತೋಟಿ ಇಲ್ಲದ ಸಕ್ಕರೆಯೂ ಸ್ಟಿರಾಯ್ಡ್ ಔಷಧಿಯೂ ಸೇರಿದ ಕಡೆ ಬ್ಲ್ಯಾಕ್ ಫಂಗಸ್ ಬಂದು ಕಣ್ಣು, ದವಡೆ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ. ಹಾಗಾಗಿ ಮುಂದಿನ ಜ್ವರ ಬರುವ ಮೊದಲೇ ಮಾಡಬಹುದಾದ ಅತ್ಯಂತ ಅಗ್ಗದ ಕೆಲಸ ಮನೆಯಲ್ಲಿ ಮೂವತ್ತು ದಾಟಿದ ಪ್ರತಿಯೊಬ್ಬರ ಶುಗರ್, ಬಿಪಿ ನೋಡಿಸಿಡುವುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ದುಡ್ಡಿಲ್ಲ. ‘ಪ್ರತಿಯೊಬ್ಬರ’ ಎಂದರೆ ಸೊಸೆಯದ್ದೂ ಎಂದರ್ಥ.

ಹೆಂಗಸರಿಗೇ ಏಕೆ ಹೆಚ್ಚು ಎಂದು ನೀವು ಕೇಳಬಹುದು. ಹೆಣ್ಣಿನ ದೇಹದ ರೋಗನಿರೋಧಕ ವ್ಯವಸ್ಥೆ ಸಾಮಾನ್ಯವಾಗಿ ಗಂಡಿನದಕ್ಕಿಂತ ಜೋರಾಗಿ ಕಾದಾಡುತ್ತದೆ. ಸೋಂಕಿನ ಹೊತ್ತಿಗೆ ಅದು ಒಳ್ಳೆಯದೇ. ಆದರೆ ಕಾದಾಟ ಮುಗಿದ ಮೇಲೂ ಸೈನ್ಯ ಹಿಂದೆ ಸರಿಯದೆ ತನ್ನದೇ ಊರನ್ನು ಸುಡತೊಡಗುವುದುಂಟು. ಸಂಧಿವಾತದಂತಹ ಕಾಯಿಲೆಗಳು ಹೆಂಗಸರಲ್ಲಿ ಹೆಚ್ಚಾಗಿರುವುದಕ್ಕೂ ಇದೇ ಕಾರಣ ಎನ್ನುತ್ತಾರೆ. ಚಿಕುನ್‌ಗುನ್ಯಾದ ನಂತರ ಕೀಲಿನೊಳಗೆ ವೈರಸ್ಸಿನ ಚೂರುಗಳು ಉಳಿದು, ಅವುಗಳ ವಿರುದ್ಧ ಉರಿಯೂತ ಮುಂದುವರಿಯುತ್ತದೆ ಎಂಬ ವಿವರಣೆಗೆ ಆಧಾರಗಳಿವೆ. ಕೋವಿಡ್‌ನಲ್ಲಿ ಇದರ ಜೊತೆಗೆ ಸಣ್ಣ ರಕ್ತನಾಳಗಳ ತೊಂದರೆ, ಎದೆಬಡಿತ ನಿಯಂತ್ರಿಸುವ ನರಗಳ ತೊಂದರೆಯೂ ಸೇರಿಕೊಳ್ಳುತ್ತದೆ. ಅಂದರೆ ಸೋಮಾರಿತನ, ನಾಟಕ, ‘ನಸೀಬು’ ಇವು ಯಾವುವೂ ಇದರ ಕಾರಣವಲ್ಲ. ಇದನ್ನು ಅತ್ತೆಯಂದಿರೂ ಗಂಡಂದಿರೂ ಎರಡು ಸಲ ಓದಬೇಕೆಂದು ನನ್ನ ಕೋರಿಕೆ.

ಆದರೆ ಇಲ್ಲೇ ಒಂದು ಎಚ್ಚರಿಕೆ. ಎಲ್ಲ ಕಮಜೋರಿಯನ್ನೂ ಹಳೆಯ ಜ್ವರದ ತಲೆಗೆ ಕಟ್ಟಿ ಸುಮ್ಮನಾಗುವುದು ಸಲಾಯಿನ್ ಬಾಟಲಿಗಿಂತ ದೊಡ್ಡ ತಪ್ಪು. ‘ಬೇರೆ ಯಾವ ಕಾಯಿಲೆಯಿಂದಲೂ ವಿವರಿಸಲಾಗದ’ ಎಂಬ ಮಾತು ವ್ಯಾಖ್ಯೆಯಲ್ಲಿರುವುದು ಅದಕ್ಕೇ. ನಮ್ಮ ಮೂರು ತಾಲೂಕುಗಳಲ್ಲಿ ಈ ‘ಬೇರೆ ಕಾಯಿಲೆ’ಗಳೇ ಬಹಳ. ಮೊದಲನೆಯದು ರಕ್ತಹೀನತೆ. ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧದ ಹತ್ತಿರ ಮಂದಿಗೆ ರಕ್ತ ಕಡಿಮೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಹೇಳಿದೆ. ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಳ್ಳುವುದಕ್ಕೆ ಅದೊಂದೇ ಸಾಕು, ಅದಕ್ಕೆ ಕಬ್ಬಿಣದ ಮಾತ್ರೆಯೂ ಇದೆ. ಎರಡನೆಯದು ಕ್ಷಯ. ಎರಡು ವಾರ ದಾಟಿದ ಕೆಮ್ಮು, ಸಂಜೆಯಾದರೆ ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇವುಗಳಲ್ಲಿ ಯಾವುದಿದ್ದರೂ ಕಫ ಪರೀಕ್ಷೆ ಆಗಲೇಬೇಕು. ‘ಕೋವಿಡ್ ಆದ ಮೇಲೆ ಹೀಗೇ’ ಎಂದು ಆರು ತಿಂಗಳು ಕೂತರೆ ಮನೆಯ ಮಕ್ಕಳಿಗೂ ಹರಡುತ್ತದೆ. ಮದುವೆ ವಯಸ್ಸಿನ ಹುಡುಗಿಗೆ ಟಿಬಿ ಎಂದು ಗೊತ್ತಾದರೆ ಹೇಗೆ ಎಂಬ ಅಂಜಿಕೆಯಿಂದ ಪರೀಕ್ಷೆ ಮುಂದೂಡುವ ಮನೆಗಳಿವೆ. ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಗುಣವಾಗುವ ಕಾಯಿಲೆ ಅದು, ಔಷಧಿ ಉಚಿತ. ಆಮೇಲೆ ಥೈರಾಯ್ಡ್, ಗೊತ್ತಿಲ್ಲದೆ ಏರಿದ ಸಕ್ಕರೆ. ಒಂದೇ ಸಲದ ರಕ್ತ ಪರೀಕ್ಷೆಯಲ್ಲಿ ಇವು ತಿಳಿದುಹೋಗುತ್ತವೆ.

ಜ್ವರ ಹೋಗಿ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುತ್ತದೆ ಎಂದು ಹೆದರುವ ಸಹೋದರಿಯರಿಗೆ ಒಂದು ಸಮಾಧಾನ: ದೊಡ್ಡ ಜ್ವರದ ನಂತರ ಇದು ಸಹಜ, ಹೆಚ್ಚಿನವರಲ್ಲಿ ಕೆಲವು ತಿಂಗಳುಗಳಲ್ಲಿ ಮತ್ತೆ ಬೆಳೆಯುತ್ತದೆ. ದುಬಾರಿ ಎಣ್ಣೆಗೆ ದುಡ್ಡು ಸುರಿಯಬೇಡಿ.

ಇದಕ್ಕಿಂತ ಗಂಭೀರವಾದದ್ದು ಗಿಣ್ಣುನೋವಿನ ಸೂಜಿ. ಚಿಕುನ್‌ಗುನ್ಯಾ ಆದವರು ಊರಿನ ಯಾರದೋ ಬಳಿ ಹೋಗಿ ಒಂದು ಸೂಜಿ ಹಾಕಿಸಿಕೊಂಡು ಬರುತ್ತಾರೆ, ಮರುದಿನವೇ ಓಡಾಡುತ್ತಾರೆ. ‘ಅವರ ಕೈಗುಣ ಒಳ್ಳೆಯದು’ ಎಂದು ಸುದ್ದಿ ಹಬ್ಬುತ್ತದೆ. ಒಂದು ವಾರಕ್ಕೆ ನೋವು ಮರಳುತ್ತದೆ, ಮತ್ತೊಂದು ಸೂಜಿ. ಇಂತಹ ಸೂಜಿಗಳಲ್ಲಿ ಬಹುಪಾಲು ಇರುವುದು ಸ್ಟಿರಾಯ್ಡ್. ಅದು ತಿಳಿದ ವೈದ್ಯರ ಕೈಯಲ್ಲಿ, ಅಳತೆ ಮತ್ತು ಅವಧಿ ನೋಡಿ ಕೊಡುವ ಒಳ್ಳೆಯ ಔಷಧಿ. ಲೆಕ್ಕವಿಲ್ಲದೆ ಹೋದರೆ ಸಕ್ಕರೆ ಏರುತ್ತದೆ, ಬಿಪಿ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಬಹುಕಾಲ ತೆಗೆದುಕೊಂಡು ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ನೋವಿನ ಮಾತ್ರೆಗಳದ್ದೂ ಅಷ್ಟೇ. ಜ್ವರದ ಮೊದಲ ದಿನಗಳಲ್ಲಿ ಅದು ಡೆಂಗಿಯೋ ಚಿಕುನ್‌ಗುನ್ಯಾವೋ ತಿಳಿಯುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಬೇಡ, ಡೆಂಗಿಯಾಗಿದ್ದರೆ ರಕ್ತಸ್ರಾವವಾಗಬಹುದು. ಸಕ್ಕರೆ, ಬಿಪಿ ಇದ್ದವರು ತಿಂಗಳುಗಟ್ಟಲೆ ನೋವಿನ ಗುಳಿಗೆ ನುಂಗಿದರೆ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಬೆಳಿಗ್ಗೆ ಎದ್ದಾಗ ಕೀಲುಗಳು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿದಿದ್ದರೆ, ಊದಿದ್ದರೆ, ಮೂರು ತಿಂಗಳಾದರೂ ಹೋಗದಿದ್ದರೆ ಕಲಬುರಗಿಗೆ ಹೋಗಿ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ. ಆಳಂದದಿಂದಲೂ ಜೇವರ್ಗಿಯಿಂದಲೂ ಸುಮಾರು ನಲವತ್ತು ಕಿಲೋಮೀಟರ್, ಅಫಜಲಪುರದವರಿಗೆ ಇನ್ನಷ್ಟು ದೂರ. ಒಂದು ದಿನದ ಕೂಲಿ ಹೋಗುತ್ತದೆ, ನಿಜ. ಸೂಜಿಗೆ ತಿಂಗಳಲ್ಲಿ ನಾಲ್ಕು ಸಲ ಕೊಡುವ ದುಡ್ಡಿನ ಲೆಕ್ಕ ಹಾಕಿದರೆ ದೊಡ್ಡಾಸ್ಪತ್ರೆಯ ದಾರಿಯೇ ಅಗ್ಗ.

ಇನ್ನು ವಿಶ್ರಾಂತಿ. ನಮ್ಮ ಮನೆಗಳಲ್ಲಿ ಬಾಣಂತಿಗೆ ನಲವತ್ತು ದಿನ ಕೊಡುವ ಪದ್ಧತಿ ಇದೆ, ಬಹಳ ಒಳ್ಳೆಯದು. ಜ್ವರದಿಂದ ಎದ್ದವಳಿಗೆ ನಾಲ್ಕು ದಿನವೂ ಇಲ್ಲ. ಜ್ವರ ಇಳಿದ ಮರುದಿನ ಅವಳು ತೊಗರಿ ಹೊಲದಲ್ಲೋ, ಹತ್ತಿ ಬಿಡಿಸುವಲ್ಲೋ, ಇಲ್ಲದಿದ್ದರೆ ಹತ್ತು ಜನರ ರೊಟ್ಟಿಯ ಮುಂದೋ ಇರುತ್ತಾಳೆ. ಲಾಂಗ್ ಕೋವಿಡ್‌ನಲ್ಲಿ ಒಂದು ವಿಚಿತ್ರ ಲಕ್ಷಣವಿದೆ. ಮಾಡುವಾಗ ಕೆಲಸ ಮಾಡಿಬಿಡುತ್ತಾರೆ, ಆದರೆ ಒಂದೆರಡು ದಿನದ ನಂತರ ಕಟ್ಟಿಗೆಯಂತೆ ಬೀಳುತ್ತಾರೆ. ಸೋಮವಾರ ಬಟ್ಟೆ ಒಗೆದು ಬುಧವಾರ ಏಳಲಾಗದಿದ್ದರೆ ‘ನಿನ್ನೆ ಮೊನ್ನೆ ಚೆನ್ನಾಗಿದ್ದಳಲ್ಲ’ ಎಂಬ ಮಾತು ಬರುತ್ತದೆ. ಇಂಥವರಿಗೆ ‘ಜೋರು ಮಾಡಿ ನಡೆ, ವ್ಯಾಯಾಮ ಮಾಡು’ ಎನ್ನುವುದು ಹಾನಿ. ಕೆಲಸವನ್ನು ತುಂಡುತುಂಡಾಗಿ ಮಾಡುವುದು, ದಣಿವು ಬರುವ ಮೊದಲೇ ಕೂರುವುದು, ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುವುದು ಇದೇ ದಾರಿ. ಒಬ್ಬಳು ಹೀಗೆ ಕೂತರೆ ಅವಳ ಕೆಲಸ ಮತ್ತೊಬ್ಬರು ಮಾಡಬೇಕಾಗುತ್ತದೆ. ನೀರು ತುಂಬುವುದು, ಬಟ್ಟೆ ಹಿಂಡುವುದು ಗಂಡುಮಕ್ಕಳಿಗೆ ಬಾರದ ವಿದ್ಯೆಯೇನಲ್ಲ.

ಗಂಡಸರದ್ದು ಬೇರೆ ರೀತಿಯ ಮೌನ. ಪುಣೆ, ಮುಂಬೈ, ಹೈದರಾಬಾದಿನಲ್ಲಿ ದುಡಿಯುವವರು ಜ್ವರವನ್ನು ಅಲ್ಲೇ ನುಂಗಿ, ಉಸಿರು ಕಟ್ಟುತ್ತಿದ್ದರೂ ಕೂಲಿಗೆ ಹೋಗುತ್ತಾರೆ, ಜೊತೆಗೆ ಬೀಡಿ. ಮಕ್ಕಳಲ್ಲಿ ಇಂತಹ ತೊಂದರೆ ದೊಡ್ಡವರಿಗಿಂತ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಜ್ವರದ ನಂತರ ಆಟ ಬಿಟ್ಟು ಮೂಲೆ ಹಿಡಿದ ಮಗುವನ್ನು ಗದರಿಸುವ ಮೊದಲು ಡಾಕ್ಟರಿಗೆ ತೋರಿಸಿ.

ನಮಾಝ್, ಉಪವಾಸದ ಮಾತು ಈ ವಿಷಯದಲ್ಲಿ ತಪ್ಪದೆ ಬರುತ್ತದೆ. ಮೊಣಕಾಲು ಮಡಚಲಾಗದವರು ಕುಳಿತು, ಕುರ್ಚಿಯಲ್ಲಿ ನಮಾಝ್ ಮಾಡಬಹುದೆಂದು ಎಲ್ಲರಿಗೂ ಗೊತ್ತು. ಮಸೀದಿಯಲ್ಲಿ ಗಂಡಸರು ಕುರ್ಚಿ ಹಾಕಿಕೊಳ್ಳುತ್ತಾರೆ, ಮನೆಯಲ್ಲಿ ಹೆಂಗಸಿಗೆ ಕುರ್ಚಿ ತಂದಿಟ್ಟವರು ಕಡಿಮೆ. ಕಾಯಿಲೆಯಲ್ಲಿ ತಪ್ಪಿದ ಉಪವಾಸಗಳನ್ನು ಮುಂದೆ ಪೂರೈಸುವ ಅನುಮತಿಯನ್ನು ಕುರ್‌ಆನ್ ಸ್ಪಷ್ಟವಾಗಿ ಕೊಟ್ಟಿದೆ. ಆದರೂ ‘ಜನ ಏನೆನ್ನುತ್ತಾರೆ’ ಎಂದು ಸಕ್ಕರೆ ಕಾಯಿಲೆ ಇಟ್ಟುಕೊಂಡು, ಹಿಂದಿನ ತಿಂಗಳಷ್ಟೇ ಡೆಂಗಿಯಿಂದ ಎದ್ದು, ಉಪವಾಸ ಹಿಡಿದು ಬೀಳುವವರಿದ್ದಾರೆ. ರಮಝಾನಿಗೆ ಒಂದೆರಡು ತಿಂಗಳ ಮೊದಲೇ ಡಾಕ್ಟರರನ್ನು ಕಂಡು, ಮಾತ್ರೆ ಇನ್ಸುಲಿನ್ ಹೊತ್ತು ಬದಲಿಸುವ ಬಗ್ಗೆ ಕೇಳಿ, ಉಪವಾಸ ಆಗುತ್ತದೋ ಇಲ್ಲವೋ ನಿರ್ಧರಿಸಿ. ಆಗದು ಎಂದರೆ ಮನೆಯವರು ಅದನ್ನು ಒಪ್ಪಿ, ಇಫ್ತಾರಿನ ಕೆಲಸದಿಂದಲೂ ಅವಳಿಗೆ ಬಿಡುವು ಕೊಡಲಿ.

ಬಾಲ ಉದ್ದವಾಗದಿರಲು ಕಾಯಿಲೆಯೇ ಬಾರದಿರುವುದು ಲೇಸು. ನಮ್ಮ ಕಡೆ ನೀರು ದಿನಾ ಬರುವುದಿಲ್ಲ, ಹಾಗಾಗಿ ಡ್ರಮ್ಮು, ಹೌದು, ರಾಂಜಣಗಳಲ್ಲಿ ತುಂಬಿಡುತ್ತೇವೆ. ಚಿಕುನ್‌ಗುನ್ಯಾ, ಡೆಂಗಿ ಎರಡನ್ನೂ ತರುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ಚರಂಡಿಗಿಂತ ಇಂತಹ ಸ್ವಚ್ಛ ನಿಂತ ನೀರನ್ನೇ ಹುಡುಕುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಬರೀ ನೀರು ಚೆಲ್ಲಿದರೆ ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆ ಹೋಗುವುದಿಲ್ಲ, ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತವೆ. ವಾರಕ್ಕೊಮ್ಮೆ ತಿಕ್ಕಿ ತೊಳೆದು, ಒಣಗಿಸಿ, ಬಟ್ಟೆ ಕಟ್ಟಿ ಮುಚ್ಚಿಡಿ. ಕೂಲರಿನ ತಳವನ್ನು ಮರೆಯಬೇಡಿ. ಮಸೀದಿಯ ವುಝೂ ಹೌಝ್‌ಗೆ ಲಾರ್ವಾ ತಿನ್ನುವ ಗಪ್ಪಿ, ಗಂಬೂಸಿಯಾ ಮೀನು ಬಿಡುವ ಬಗ್ಗೆ ಕಮಿಟಿಯವರು ಆರೋಗ್ಯ ಇಲಾಖೆಯಲ್ಲಿ ಕೇಳಬಹುದು.

ಕೊನೆಗೆ, ಡಾಕ್ಟರರ ಮುಂದೆ ಕುಳಿತಾಗ ಏನು ಹೇಳುವುದು ಎಂಬುದು. ‘ಕಮಜೋರಿ’ ಎಂದಷ್ಟೇ ಹೇಳಿದರೆ ಸಲಾಯಿನ್ನೇ ಸಿಗುತ್ತದೆ. ಹೋಗುವ ಹಿಂದಿನ ರಾತ್ರಿ ಮಗ ಅಥವಾ ಮಗಳನ್ನು ಕೂರಿಸಿ ಒಂದು ಹಾಳೆಯಲ್ಲಿ ಬರೆಸಿ: ಜ್ವರ ಯಾವ ತಿಂಗಳು ಬಂತು, ಎಷ್ಟು ದಿನ ಇತ್ತು, ಆಸ್ಪತ್ರೆಗೆ ಸೇರಿದ್ದಿರೋ, ಆಕ್ಸಿಜನ್ ಕೊಟ್ಟಿದ್ದರೋ, ಯಾವ ಸೂಜಿ ಮಾತ್ರೆ ತೆಗೆದುಕೊಂಡಿರಿ, ಸಕ್ಕರೆ ಬಿಪಿ ಇದೆಯೋ. ಮೊದಲು ಏನು ಮಾಡಲು ಆಗುತ್ತಿತ್ತು, ಈಗ ಯಾವುದು ಆಗುತ್ತಿಲ್ಲ. ‘ಮೊದಲು ಇಪ್ಪತ್ತು ರೊಟ್ಟಿ ಬಡಿಯುತ್ತಿದ್ದೆ, ಈಗ ಐದಕ್ಕೆ ಕೈ ನಿಲ್ಲುತ್ತದೆ’ ಎಂಬ ಒಂದು ಸಾಲು ಡಾಕ್ಟರರಿಗೆ ಬಹಳ ಹೇಳುತ್ತದೆ. ಎದೆನೋವು, ಮಲಗಿದರೆ ಉಸಿರು ಕಟ್ಟುವುದು, ಒಂದೇ ಕಾಲು ಊದುವುದು, ತಲೆ ತಿರುಗಿ ಬೀಳುವುದು, ಕಫದಲ್ಲಿ ರಕ್ತ ಇವುಗಳಿದ್ದರೆ ಹಾಳೆ ಬರೆಯುತ್ತಾ ಕೂರಬೇಡಿ, ಅಂದೇ ಹೊರಡಿ. ಹಳೆಯ ಡಿಸ್ಚಾರ್ಜ್ ಚೀಟಿ, ರಕ್ತದ ರಿಪೋರ್ಟುಗಳನ್ನು ಅದೇ ಹಾಳೆಯ ಜೊತೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಹೆಂಗಸರೊಂದಿಗೆ ಹೋಗುವ ಗಂಡಸರು ಅವರ ಪರವಾಗಿ ತಾವೇ ಮಾತಾಡದೆ, ಅವರ ಬಾಯಿಂದಲೇ ಹೇಳಲು ಬಿಡಿ.